ವಿಜಯಂತ ಟ್ಯಾಂಕಿಗಾಗಿ ಉಪವಾಸ

ಕಂಪ್ಯೂಟರ್ ಆಟದೊಳಗೆ ಒಂದು ಯುದ್ಧದ ಟ್ಯಾಂಕು ಸೇರಿಸಬೇಕೆಂದು ನಾವು ಮಕ್ತಲ್‌ನ ತಹಸೀಲ್ ಕಚೇರಿ ಎದುರು ಶಾಮಿಯಾನ ಹಾಕಿ ಉಪವಾಸ ಕೂತಿದ್ದೆವು. ಇದನ್ನು ಬೇರೆ ಕಡೆಯವರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನಮ್ಮ ಕಡೆಯವರಿಗೆ ಹೇಳಿದರೆ ಮಾತ್ರ ಯಾರಿಗೂ ಆಶ್ಚರ್ಯವಿಲ್ಲ. ಶಾಮಿಯಾನ ಯಾವ ಊರಿಂದ ತರಿಸಿದಿರಿ, ಕಡೆಗೆ ನಿಂಬೆ ಶರಬತ್ತು ಕುಡಿಸಿದವರು ಯಾರು, ಇಷ್ಟೇ ಕೇಳುತ್ತಾರೆ.

ಅದಕ್ಕೆ ಕಾರಣವಿದೆ. ತೆಲಂಗಾಣ ರಾಜ್ಯ ಬಂದು ವರ್ಷ ಎರಡಾಗಿತ್ತು. ಅದಕ್ಕೂ ಮುಂಚೆ ನಮ್ಮ ಊರುಗಳಲ್ಲಿ ಧರಣಿ ಇಲ್ಲದ ವಾರವೇ ಇರಲಿಲ್ಲ. ರಸ್ತೆ ಮೇಲೆ ಕೂತೆವು, ರಸ್ತೆ ಮೇಲೆ ಒಲೆ ಹೂಡಿ ಅಡುಗೆ ಮಾಡಿ ಉಂಡೆವು, ಕಬಡ್ಡಿ ಆಡಿದೆವು. ರಾಜ್ಯ ಬಂದುಬಿಟ್ಟಿತು. ಅಷ್ಟು ವರ್ಷ ಕೂತು ಕೂತು ಪಳಗಿದ ಜನ ಒಮ್ಮೆಲೇ ಎದ್ದು ಹೋಗು ಅಂದರೆ ಎಲ್ಲಿಗೆ ಹೋಗಬೇಕು? ಅಷ್ಟರಲ್ಲಿ ಹೊಸ ಜಿಲ್ಲೆಗಳ ಮಾತು ಶುರುವಾಯಿತು. ಗದ್ವಾಲದವರು ನಮ್ಮದೂ ಜಿಲ್ಲೆಯಾಗಬೇಕು ಅಂತ ಕೂತರು, ನಾರಾಯಣಪೇಟೆಯವರು ನಮ್ಮನ್ನೂ ಸೇರಿಸಿ ಅಂತ ಕೂತರು. ನಡುವೆ ಮಕ್ತಲ್‌ನವರು ನಾವು ಮಾತ್ರ ಏನೂ ಕೇಳದೆ ಸುಮ್ಮನಿದ್ದೆವು. ಊರ ಮಾನ ಹೋಗುವ ಪ್ರಸಂಗ ಅದು.

ನಾನು ಆಗ ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಸೆಂಟರ್ ಇಟ್ಟಿದ್ದೆ. ಬೆಳಿಗ್ಗೆ ಪಹಾಣಿ, ಆಧಾರ್, ಹಾಲ್ ಟಿಕೆಟ್ ಅಂತ ಜನ ಮುತ್ತುತ್ತಿದ್ದರು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ನೊಣ ಕೂಡ ಒಳಗೆ ಬರುತ್ತಿರಲಿಲ್ಲ. ಆಗ ನಾನು ಟ್ಯಾಂಕಿನ ಆಟ ಆಡುತ್ತಿದ್ದೆ. ಯಾವ್ಯಾವ ದೇಶದವರೋ ಒಂದೇ ಹೊತ್ತಿಗೆ ಕೂತು, ಎರಡು ಪಾಳೆಯವಾಗಿ, ತಲೆಗೊಂದು ಟ್ಯಾಂಕು ಹಿಡಿದು ಹೊಡೆದಾಡುವ ಆಟ. ಟ್ಯಾಂಕುಗಳೆಲ್ಲ ಇತಿಹಾಸದಲ್ಲಿ ಇದ್ದಂಥವೇ. ಜರ್ಮನಿಯವು, ರಷ್ಯಾದವು, ಅಮೆರಿಕದವು, ಇಂಗ್ಲೆಂಡಿನವು. ನಮ್ಮೂರಿನ ಇಂಟರ್ನೆಟ್ಟು ನಡೆಯುತ್ತಿದ್ದ ರೀತಿಗೆ ನಾನು ಬಿಟ್ಟ ಗುಂಡು ಮುಟ್ಟುವ ಹೊತ್ತಿಗೆ ಎದುರಾಳಿ ಚಹಾ ಕುಡಿದು ಎದ್ದು ಹೋಗಿರುತ್ತಿದ್ದ. ಆದರೂ ಬಿಡುತ್ತಿರಲಿಲ್ಲ. ಸೋಲುವುದರಲ್ಲಿ ನನ್ನಷ್ಟು ಹಟವಾದಿ ಆ ಆಟದಲ್ಲಿ ಇನ್ನೊಬ್ಬ ಇರಲಿಲ್ಲ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಕರೆಂಟ್ ಬಿಲ್ಲು ಕಟ್ಟಲು ಮಾಮ ಬಂದರು. ಮಾಮ ಅಂದರೆ ನಮ್ಮವ್ವನ ಅಣ್ಣ. ಫೌಜಿನಲ್ಲಿ ಟ್ಯಾಂಕಿನ ಡ್ರೈವರ್ ಆಗಿದ್ದವರು, ಎಪ್ಪತ್ತೊಂದರ ಲಡಾಯಿಯಲ್ಲಿ ಪಂಜಾಬಿನ ಕಡೆ ಟ್ಯಾಂಕು ಓಡಿಸಿದವರು. ರಿಟೈರಾಗಿ ಊರಿಗೆ ಬರುವಾಗ ಟ್ರಂಕು ತಂದರು, ರಮ್ಮಿನ ರೂಢಿ ತಂದರು, ಕಿವಿ ಎರಡನ್ನೂ ಮಾತ್ರ ಟ್ಯಾಂಕಿನಲ್ಲೇ ಬಿಟ್ಟು ಬಂದರು. ವರ್ಷ ಕಳೆದಂತೆ ಇದ್ದದ್ದೂ ಹೋಯಿತು. ಆದರೆ ಕಿವಿ ಕೇಳುವುದಿಲ್ಲ ಅಂತ ಒಪ್ಪುವ ಆಸಾಮಿಯಲ್ಲ. ಈಗಿನ ಮಂದಿ ಬಾಯೊಳಗೇ ಮಾತಾಡುತ್ತಾರೆ, ಗಂಟಲು ಬಿಚ್ಚುವುದಿಲ್ಲ, ಅದು ಅವರ ವಾದ. ಮಗ ತಂದುಕೊಟ್ಟ ಕಿವಿ ಮಷೀನು ಡಬ್ಬಿಯ ಸಮೇತ ಅಲಮಾರಿಯಲ್ಲಿ ಹಾಯಾಗಿತ್ತು.

ಹೀಗಾಗಿ ಮಾಮನ ಮನೆಯಲ್ಲಿ ಇವತ್ತು ಏನು ಪಲ್ಯ ಅನ್ನುವುದು ಇಡೀ ಓಣಿಗೆ ಗೊತ್ತಾಗುತ್ತಿತ್ತು. ಅತ್ತೆಯ ದನಿ ಮೊದಲೇ ಸಣ್ಣದು. ಪಾಪ, ಹೊಟ್ಟೆಯಿಂದ ಎಳೆದು ಎಳೆದು ಒದರಬೇಕು. ಅದಕ್ಕೇ ಅವರು ಮಾತು ಕಡಿಮೆ ಮಾಡಿದ್ದರು. ಊಟಕ್ಕೆ ಬನ್ನಿ, ಗ್ಯಾಸು ಮುಗಿದಿದೆ, ಹಾಲಿನವನು ಬಂದಿಲ್ಲ, ಮಗ ಫೋನ್ ಮಾಡಿದ್ದ. ಕೂಗಿ ಹೇಳಬಹುದಾದ ಮಾತಷ್ಟೇ ಆ ಮನೆಯಲ್ಲಿ ಉಳಿದಿತ್ತು. ಮಾಮ ಮಾತ್ರ ಹೋದಲ್ಲಿ ಬಂದಲ್ಲಿ ಲಡಾಯಿಯ ಕತೆ ಹೇಳುತ್ತಿದ್ದರು. ಪ್ರತಿ ಕತೆಯಲ್ಲೂ ಗುಂಡುಗಳು ಮಾಮನನ್ನು ನೋಡಿ ದಾರಿ ಬಿಟ್ಟು ಹೋಗುತ್ತಿದ್ದವು.

ಆ ದಿನ ಮಾಮ ನನ್ನ ಪರದೆ ನೋಡಿ ಬಿಲ್ಲು ಮರೆತರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು. ಇಂಗ್ಲೆಂಡಿನ ಸೆಂಚೂರಿಯನ್ ಟ್ಯಾಂಕು ಕೊಟ್ಟೆ. ಯಾವ ಗುಂಡಿ ಒತ್ತಿದರೆ ಮುಂದೆ ಹೋಗುತ್ತದೆ ಅಂತ ತೋರಿಸಿದೆ. ಯುದ್ಧ ಶುರುವಾಯಿತು. ಎಲ್ಲರ ಟ್ಯಾಂಕು ಹೊರಟವು, ಮಾಮನದು ನಿಂತಲ್ಲೇ ನಿಂತಿತ್ತು. ಒತ್ತಿರಿ ಅಂದೆ. ಒತ್ತಲಿಲ್ಲ. ಎರಡೂ ಕೈ ಗುಂಡಿಗಳ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಾಯುತ್ತಾ ಕೂತಿದ್ದಾರೆ. ಏನಾಯಿತು ಅಂತ ಕೇಳಿದರೆ ಇನ್ನೂ ಹುಕುಂ ಬಂದಿಲ್ಲ ಅಂದರು. ಟ್ಯಾಂಕಿನಲ್ಲಿ ಡ್ರೈವರ್ ತಾನಾಗಿ ಒಂದು ಮೊಳವೂ ಹೋಗುವಂತಿಲ್ಲವಂತೆ. ಮೇಲೆ ಕೂತ ಕಮಾಂಡರ್ ಕಿವಿಯಲ್ಲಿ ಹೇಳಬೇಕು, ಆಗ ಹೋಗಬೇಕು. ಕಮಾಂಡರ್ ಎಲ್ಲಿಂದ ತರಲಿ? ನಾನೇ ಮಾಮನ ಹಿಂದೆ ನಿಂತು, ಎಡಕ್ಕೆ ಬಲಕ್ಕೆ ಮುಂದಕ್ಕೆ ಅಂತ ಫೌಜಿನ ಹಿಂದಿಯಲ್ಲಿ ಹುಕುಂ ಕೊಟ್ಟೆ. ಅದೂ ಅವರಿಗೆ ಕೇಳಬೇಕಲ್ಲ. ನಾನು ಕೂಗಿದ ರಭಸಕ್ಕೆ ಎದುರಿನ ಹೋಟೆಲಿನಿಂದ ಚಹಾ ಲೋಟ ಹಿಡಿದೇ ನಾಲ್ಕು ಜನ ಓಡಿ ಬಂದರು, ಒಳಗೆ ಯಾರೋ ಬಡಿದಾಡುತ್ತಿದ್ದಾರೆ ಅಂತ.

ಅವತ್ತಿನಿಂದ ಮಾಮನಿಗೆ ಮಧ್ಯಾಹ್ನದ ನಿದ್ದೆ ಹೋಯಿತು, ನನ್ನ ಗಂಟಲೂ ಹೋಯಿತು. ಆಟದ ಟ್ಯಾಂಕಿನ ಬಗ್ಗೆ ಅವರ ದೂರುಗಳು ಒಂದೆರಡಲ್ಲ. ಇದು ಹೊಗೆ ಉಗುಳುವುದಿಲ್ಲ. ಎಣ್ಣೆ ಸೋರುವುದಿಲ್ಲ. ಇಂಜಿನ್ ಕಾಯುವುದಿಲ್ಲ. ಓಡಿಸಿ ಇಳಿದರೆ ಮೈ ಸ್ವಚ್ಛವಾಗಿಯೇ ಇರುತ್ತದೆ, ಇದೆಂಥ ಟ್ಯಾಂಕು? ಕಡೆಗೆ ಒಂದು ದಿನ ಆಟದ ಟ್ಯಾಂಕುಗಳೆಲ್ಲ ನಿಲ್ಲುವ ಇಡೀ ಕೊಟ್ಟಿಗೆಯನ್ನು ನನ್ನಿಂದ ತೆರೆಸಿದರು. ದೇಶದ ಹೆಸರು ಒಂದೊಂದಾಗಿ ಓದಿದರು. ನಮ್ಮದೆಲ್ಲಿ ಅಂತ ಕೇಳಿದರು. ನಮ್ಮದಿಲ್ಲ ಅಂದೆ.

ಮಾಮ ಓಡಿಸಿದ್ದು ವಿಜಯಂತ. ನಮ್ಮ ದೇಶದಲ್ಲೇ, ಮದ್ರಾಸಿನ ಹತ್ತಿರದ ಆವಡಿಯಲ್ಲಿ ಕಟ್ಟಿದ ಮೊದಲ ಟ್ಯಾಂಕು. ನಕ್ಷೆ ಇಂಗ್ಲೆಂಡಿನದು, ಬೆವರು ನಮ್ಮದು. ಗಟ್ಟಿ ತೋಪು, ರೋಗಿಷ್ಟ ಇಂಜಿನ್ನು. ಅದು ಆಟದಲ್ಲಿ ಇಲ್ಲ ಅಂದದ್ದು ಕೇಳಿ ಮಾಮ ಸಿಟ್ಟಿಗೇಳುತ್ತಾರೆ ಅಂತ ಅಂದುಕೊಂಡಿದ್ದೆ. ಸಿಟ್ಟಾಗಲಿಲ್ಲ, ಮುಖ ಸಣ್ಣ ಮಾಡಿಕೊಂಡರು. ಇಂಟರ್ನೆಟ್ಟಿನಲ್ಲಿ ಫೋಟೋ ಹುಡುಕಿ ತೋರಿಸಿದೆ. ಹೊರಗಿನಿಂದ ನೋಡಿ ಏನು ಮಾಡುವುದು ಅಂದರು. ದೊಡ್ಡ ಊರಲ್ಲಿ ಎಲ್ಲಾದರೂ ಕಟ್ಟೆ ಕಟ್ಟಿ ನಿಲ್ಲಿಸಿರುತ್ತಾರೆ, ಹೋಗಿ ಬರೋಣ ಅಂದೆ. ನಿಂತದ್ದು ಬೇಡ, ನಡೆಯುವುದು ಬೇಕು ಅಂದರು. ಆಮೇಲೆ ಹೊರಗೆ ಯಾರಾದರೂ ಇದ್ದಾರಾ ಅಂತ ನೋಡಿ, ತಮ್ಮ ಲೆಕ್ಕದಲ್ಲಿ ಮೆಲ್ಲಗೆ ಹೇಳಿದರು.

"ಅಳಿಯಾ, ಲಗ್ನ ಆಗಿ ಇನ್ನಾ ವರ್ಷ ತುಂಬಿದ್ದಿಲ್ಲ, ಲಡಾಯಿ ಹತ್ತಿತು. ಆ ಚಳಿಗಾಲ ನಾ ಎಲ್ಲಿ ಕುಂತಿದ್ದೆ, ಅಲ್ಲಿಂದ ನನಗ ಏನು ಕಾಣತಿತ್ತು, ನಿಮ್ಮತ್ತಿಗೆ ಒಂದು ಸಲ ತೋರಿಸಬೇಕು. ಹೇಳಿ ನೋಡೀನಿ, ಹೇಳಾಕ ಬರವಲ್ದು. ಬಾಜೂಕ ಕುಂದರಿಸಿಕೊಂಡು ತೋರಿಸಿದ್ರ ತಿಳೀತೈತಿ."

ಮೊದಲ ಬಾರಿಗೆ ಮಾಮನ ಕತೆಯಲ್ಲಿ ಗುಂಡು ಇರಲಿಲ್ಲ. ನನಗೆ ಒಳ್ಳೆಯದನ್ನಿಸಿತು, ಸಂಕಟವೂ ಆಯಿತು. ಸದ್ಯಕ್ಕೆ ಇದ್ದದ್ದರಲ್ಲೇ ನಡೆಸೋಣ ಅಂತ ಒಂದು ದಿನ ಅತ್ತೆಯನ್ನು ಸೆಂಟರಿಗೆ ಕರೆದು ತಂದೆ. ಅತ್ತೆ ಸೆರಗು ಸರಿಮಾಡಿಕೊಂಡು, ಸ್ಟೂಲಿನ ತುದಿಯಲ್ಲಿ ಕೂತು, ಸೆಂಚೂರಿಯನ್ ನೋಡಿದರು. ಛಲೋ ಐತಿ ಅಂದರು. ಮಾಮ ಇದಲ್ಲ, ನಮ್ಮದು ಬೇರೆ, ನಾನು ಕೂರುತ್ತಿದ್ದದ್ದು ಬಲಗಡೆ ಅಂತ ಕೈಯಾಡಿಸಿ ವಿವರಿಸತೊಡಗಿದರು. ಇದು ಹೀಗಿರುವುದಿಲ್ಲ, ಅದು ಹಾಗಿರುವುದಿಲ್ಲ. ಇದ್ದದ್ದು ಹೇಗೆ ಅನ್ನುವುದು ಮಾತ್ರ ಬಾಯಿಗೆ ಬರಲೊಲ್ಲದು. ಅತ್ತೆ ಏನೋ ಕೇಳಿದರು. ಮಾಮನಿಗೆ ಕೇಳಿಸಲಿಲ್ಲ. ಅತ್ತೆ ಮತ್ತೆ ಕೇಳಲಿಲ್ಲ, ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಎದ್ದು ಹೋದರು. ಅವತ್ತು ನಾನು ಹುಕುಂ ಕೊಟ್ಟರೂ ಮಾಮ ಟ್ಯಾಂಕು ಓಡಿಸಲಿಲ್ಲ.

ಅದೇ ಹೊತ್ತಿಗೆ ಆಟದವರು ಇಂಟರ್ನೆಟ್ಟಿನಲ್ಲಿದ್ದ ತಮ್ಮ ಆಟಗಾರರ ವೇದಿಕೆಯಲ್ಲಿ ಒಂದು ಕರೆ ಕೊಟ್ಟರು. ಇತಿಹಾಸದ ಯಾವ ಟ್ಯಾಂಕುಗಳನ್ನು ಹೊಸದಾಗಿ ಸೇರಿಸಬಹುದು ಹೇಳಿ, ಹೆಚ್ಚು ಆಟಗಾರರ ಬೆಂಬಲ ಸಿಕ್ಕದ್ದನ್ನು ನೋಡುತ್ತೇವೆ ಅಂತ. ಮಾಮನಿಗೆ ತಿಳಿಸಿದೆ. ಇಬ್ಬರೂ ಕೂತು ವಿಜಯಂತದ ಬಗ್ಗೆ ಬರೆದೆವು. ನನ್ನ ಇಂಗ್ಲಿಷು ಮಕ್ತಲ್‌ನದು, ಮಾಮನ ಮಾಹಿತಿ ಮಕ್ತಲ್‌ನ ಹೋಟೆಲಿನದು. ಉಕ್ಕಿನ ದಪ್ಪ ಎಷ್ಟು ಅಂದರೆ ಒಂದು ಗೇಣು ಅಂದರು, ಮರುದಿನ ಎರಡು ಗೇಣು ಮಾಡಿದರು. ವೇದಿಕೆಯಲ್ಲಿ ಯಾರೋ ಆಟಗಾರ ಇದು ಹಿಂದಕ್ಕೆ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತ ಕೇಳಿದ. ಹಿಂದಕ್ಕೆ ಹೋಗಿದ್ದರೆ ತಾನೇ ಗೊತ್ತಾಗುವುದು ಅಂತ ಮಾಮ ಬರೆಸಿದರು. ಇನ್ನೊಬ್ಬ ಪುರಾವೆ ಕೇಳಿದ. ಮಾಮ ಅವನ ಊರು ಯಾವುದು, ಅಲ್ಲಿಗೆ ಬಸ್ಸಿದೆಯಾ ಅಂತ ವಿಚಾರಿಸಿದರು. ಸರಿಯಾದ ಅಳತೆಗಳನ್ನು ಕಡೆಗೆ ನಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ ಹಾಕಿದೆ.

ಬೆಂಬಲ ಬರಲಿಲ್ಲ. ಬಂದದ್ದು ಬೆರಳಲ್ಲಿ ಎಣಿಸುವಷ್ಟು, ಅದರಲ್ಲೂ ಅರ್ಧ ನಾನೇ ಬೇರೆ ಬೇರೆ ಕಂಪ್ಯೂಟರಿನಿಂದ ಒತ್ತಿದ್ದು. ಬೆಂಬಲ ಬೇಕಂತೆ ಅಂತ ಮಾಮ ಹೋಟೆಲಿನಲ್ಲಿ ಬಾಯಿ ಬಿಟ್ಟದ್ದೇ ತಡ, ವಿಷಯ ನನ್ನ ಕೈ ತಪ್ಪಿತು. ಅಲ್ಲಿ ಪೇಷ್ಕಾರ ಕಾಕಾ ಕೂತಿದ್ದರು. ತಹಸೀಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ರಾಜ್ಯದ ಹೋರಾಟದಲ್ಲಿ ನಮ್ಮೂರಿನ ಶಿಬಿರ ನಡೆಸಿದವರು. ಬೆಂಬಲ ಅನ್ನುವ ಪದ ಕೇಳಿದ ಕೂಡಲೇ ಅವರ ಕಣ್ಣಿಗೆ ಜೀವ ಬಂತು. ಬೆಂಬಲ ಬೇಕೆಂದರೆ ಸಮಿತಿ ಬೇಕು, ಸಮಿತಿ ಇದ್ದರೆ ಶಿಬಿರ ಬೇಕು, ಶಿಬಿರ ಇದ್ದರೆ ರಿಲೇ ಉಪವಾಸ ಬೇಕು. ನಮ್ಮ ಕಡೆ ಏನಾದರೂ ಕೇಳುವುದಕ್ಕೆ ಇದೊಂದೇ ದಾರಿ, ಮುಖ್ಯಮಂತ್ರಿಯನ್ನಾದರೂ ಅಷ್ಟೇ, ಕಂಪ್ಯೂಟರಿನವರನ್ನಾದರೂ ಅಷ್ಟೇ. ಚಹಾ ಆರುವುದರೊಳಗೆ ವಿಜಯಂತ ಸಾಧನ ಸಮಿತಿ, ಅಂದರೆ ವಿಜಯಂತ ಪಡೆದೇ ತೀರುವ ಸಮಿತಿ, ಹುಟ್ಟಿತು. ಮಾಮ ಅಧ್ಯಕ್ಷರು, ಪೇಷ್ಕಾರ ಕಾಕಾ ಸಂಚಾಲಕರು, ನಾನು ತಾಂತ್ರಿಕ ಸಲಹೆಗಾರ. ಆಟದ ಆಟಗಾರರು ವೇದಿಕೆಯಲ್ಲಿ ಗುಂಡಿ ಒತ್ತಬೇಕು, ಮಕ್ತಲ್‌ನಲ್ಲಿ ಹಸಿದು ಕೂತರೆ ಅವರಿಗೆ ಗೊತ್ತಾಗುವುದಿಲ್ಲ ಅಂತ ನಾನು ಹೇಳಿದೆ. ರಾಜ್ಯಕ್ಕಾಗಿ ಕೂತಾಗ ದಿಲ್ಲಿಗೆ ಗೊತ್ತಾಗಲಿಲ್ಲವೇ ಅಂತ ಕಾಕಾ ಕೇಳಿದರು.

ಕೂರುವ ಮೊದಲು ಗದ್ವಾಲಕ್ಕೆ ಹೋಗಿ ನೋಡಿ ಬರಬೇಕೆಂದು ತೀರ್ಮಾನವಾಯಿತು. ಅಲ್ಲಿ ಜಿಲ್ಲೆಗಾಗಿ ಜೋರು ಹೋರಾಟ ನಡೆದಿತ್ತು. ಜೂರಾಲ ಅಣೆಕಟ್ಟು ದಾಟಿ, ಧರೂರಿನ ಭತ್ತದ ಗದ್ದೆಗಳ ನಡುವೆ ಬಸ್ಸು ಹೋಗುವಾಗ ಮಾಮ ಕಿಟಕಿಯಿಂದ ನೋಡುತ್ತಾ, ಇಂಥ ಕೆಸರಲ್ಲಿ ಟ್ಯಾಂಕು ಇಳಿಸಿದರೆ ಆ ದೇವರೇ ಬಂದು ಎತ್ತಬೇಕು ಅಂತ ಇಡೀ ಬಸ್ಸಿಗೆ ತಿಳಿಸಿದರು. ಗದ್ವಾಲದ ಶಿಬಿರದಲ್ಲಿ ನಮ್ಮನ್ನು ಮರ್ಯಾದೆಯಿಂದ ಕೂರಿಸಿದರು. ಅವತ್ತು ನೇಕಾರರ ಸರದಿ. ದಿನಕ್ಕೊಂದು ಗುಂಪು ಕೂರಬೇಕು, ಬೆಳಿಗ್ಗೆ ಹೂಮಾಲೆ ಹಾಕಬೇಕು, ಸಂಜೆ ಶರಬತ್ತು ಕುಡಿಸಿ ಎಬ್ಬಿಸಬೇಕು, ಕೂತವರು ಪ್ರತಿಯೊಬ್ಬರೂ ಮೈಕಿನಲ್ಲಿ ನಾಲ್ಕು ಮಾತಾಡಲೇಬೇಕು. ಕಾಕಾ ಇದನ್ನೆಲ್ಲ ಮೊದಲೇ ಬಲ್ಲವರು, ಆದರೂ ಹೊಸದಾಗಿ ಕೇಳುವವರಂತೆ ತಲೆಯಾಡಿಸಿದರು. ನಮ್ಮ ಬೇಡಿಕೆ ಏನು ಅಂತ ಅವರು ಕೇಳಿದಾಗ ಮಾಮ ಎದ್ದು ನಿಂತು ಹೇಳಿದರು. ಒಬ್ಬ ಹಿರಿಯ ನೇಕಾರರು ಸ್ವಲ್ಪ ಯೋಚಿಸಿ, ಸೇರಿಸಿದರೆ ಅವರ ಗಂಟೇನು ಹೋಗುತ್ತದೆ ಅಂದರು. ಹೋರಾಟದವರ ಮನಸ್ಸು ದೊಡ್ಡದು.

ಶಾಮಿಯಾನ, ಮೈಕು, ಎರಡು ದೊಡ್ಡ ಸ್ಪೀಕರು ನಾರಾಯಣಪೇಟೆಯಿಂದ ಬಂದವು. ಟೆಂಟ್ ಹೌಸಿನ ಮಾಲಕ ಹೋರಾಟದ ಕಾಲದಲ್ಲಿ ಪುರಸೊತ್ತಿಲ್ಲದೆ ಓಡಾಡಿದ ಮನುಷ್ಯ. ರಾಜ್ಯ ಬಂದ ಮೇಲೆ ಮದುವೆ ಮುಂಜಿಯಷ್ಟೇ ಉಳಿದಿದೆ ಅಂತ ಬೇಸರದಲ್ಲಿದ್ದ. ಟ್ಯಾಂಕಿಗೆ ಅಂದ ಕೂಡಲೇ ತಾನೇ ಟ್ರಾಲಿಯಲ್ಲಿ ಕೂತು ಬಂದ. ಮೈಕು ತನ್ನದು ಭಾರಿ ಸೊಗಸು, ಪಿಸುಮಾತು ಆಡಿದರೂ ಮೂರು ಓಣಿಗೆ ಕೇಳುತ್ತದೆ ಅಂತ ಹೆಮ್ಮೆಪಟ್ಟ. ಫ್ಲೆಕ್ಸು ಮಾಡಿಸಿದ್ದು ಕಾಕಾ. ಕಟ್ಟಿ ನಿಲ್ಲಿಸಿದ ಮೇಲೆ ಮಾಮ ಅದನ್ನು ನೋಡಿ ಕೈಯಲ್ಲಿದ್ದ ಕೋಲು ಬೀಳಿಸಿದರು. ದೊಡ್ಡಕ್ಷರದಲ್ಲಿ ನಮ್ಮ ದೇಶದ ಹೆಮ್ಮೆಯ ವಿಜಯಂತ ಅಂತ ಬರೆದು, ಕೆಳಗೆ ಜರ್ಮನಿಯ ಟ್ಯಾಂಕಿನ ಚಿತ್ರ ಹಾಕಿಸಿಬಿಟ್ಟಿದ್ದರು. ಇದ್ದದ್ದರಲ್ಲಿ ಅದೇ ಲಕ್ಷಣವಾಗಿತ್ತು ಅನ್ನುವುದು ಕಾಕಾ ಕೊಟ್ಟ ಸಮಜಾಯಿಷಿ. ಬೇರೆ ಮಾಡಿಸಲು ಹೊತ್ತಿರಲಿಲ್ಲ. ಚೆಂಡು ಹೂವಿನ ಮಾಲೆ ತಂದು ಚಿತ್ರದ ಮೇಲೆ ಇಳಿಬಿಟ್ಟೆವು. ತೋಪು ಉದ್ದ ಜಾಸ್ತಿ, ಎಷ್ಟು ಮಾಲೆ ಹಾಕಿದರೂ ತುದಿ ಹೊರಗೆ ಕಾಣುತ್ತಿತ್ತು.

ಹೀಗೆ ಶುರುವಾಯಿತು. ರಿಲೇ ಉಪವಾಸ ಅಂದರೆ ಬೆಳಿಗ್ಗೆ ಮನೆಯಲ್ಲಿ ಗಟ್ಟಿಯಾಗಿ ತಿಂದು ಬಂದು ಕೂರುವುದು, ಸಂಜೆ ಮನೆಗೆ ಹೋಗಿ ಗಟ್ಟಿಯಾಗಿ ತಿನ್ನುವುದು. ಮೊದಲು ಮಾಜಿ ಸೈನಿಕರು ಕೂತರು, ಅಂದರೆ ಮಾಮ. ಆಮೇಲೆ ಆಟೋದವರು, ಆಮೇಲೆ ದರ್ಜಿಗಳು. ಪಕ್ಕದ ನಾರ್ವ ಊರಿಂದ ಸಂತೆಗೆ ಬಂದ ರೈತರು ಬಿಸಿಲು ತಾಳಲಾರದೆ ನೆರಳಿಗೆ ಬಂದು ಕೂತರು, ಅವರಿಗೂ ಮಾಲೆ ಬಿತ್ತು. ದರ್ಜಿಯೊಬ್ಬರು ಮೈಕು ಹಿಡಿದು ಟ್ಯಾಂಕು ಬಂದೇ ತೀರುತ್ತದೆ ಅಂತ ತೆಲುಗಿನಲ್ಲಿ ಗುಡುಗಿ, ಕೆಳಗಿಳಿದ ಮೇಲೆ ಯಾವ ಟ್ಯಾಂಕು ಅಂತ ನನ್ನನ್ನು ಕೇಳಿದರು. ಹೆಡ್ ಕಾನ್‌ಸ್ಟೇಬಲ್ ಬಂದು ಇದು ಯಾರ ವಿರುದ್ಧ ಅಂತ ವಿಚಾರಿಸಿದ. ಯಾರ ವಿರುದ್ಧವೂ ಅಲ್ಲ, ಒಂದು ಕಂಪ್ಯೂಟರ್ ಆಟದವರಿಗೆ ಮನವಿ ಅಂದೆವು. ಅವರು ಯಾವ ಊರವರು ಅಂದ. ನಮಗೂ ಗೊತ್ತಿರಲಿಲ್ಲ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ರಸ್ತೆ ಬಂದ್ ಮಾಡಬೇಡಿ ಅಂತ ಹೇಳಿ, ಚಹಾ ಕುಡಿದು, ಆ ಆಟ ತನ್ನ ಫೋನಿನಲ್ಲಿ ಬರುತ್ತದಾ ಅಂತ ಕೇಳಿಕೊಂಡು ಹೋದ. ಮನವಿ ಪತ್ರವನ್ನು ತಹಸೀಲ್ದಾರರಿಗೇ ಕೊಟ್ಟೆವು. ಅವರು ಗಂಭೀರವಾಗಿ ತೆಗೆದುಕೊಂಡು ಮೇಲಕ್ಕೆ ಕಳಿಸುತ್ತೇನೆ ಅಂದರು. ಎಷ್ಟು ಮೇಲಕ್ಕೆ ಅಂತ ನಾವು ಕೇಳಲಿಲ್ಲ.

ನಾನು ದಿನಾ ಸಂಜೆ ವೇದಿಕೆ ತೆರೆದು ನೋಡುತ್ತಿದ್ದೆ. ಮಾಮ ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದರು. ನಾನು ತಲೆಯಲ್ಲಾಡಿಸುತ್ತಿದ್ದೆ. ನಿಮ್ಮತ್ತಿ ಇನ್ನೂ ಶಿಬಿರದ ಕಡೆ ಒಮ್ಮೆಯೂ ಬಂದಿಲ್ಲ ನೋಡು ಅಂತ ಒಂದು ದಿನ ಹೇಳಿದರು. ಮಾತು ಹಗುರವಾಗಿ ಆಡಿದರು, ಆದರೆ ನೋವಾಗಿತ್ತು, ನನಗೆ ಗೊತ್ತಾಯಿತು. ಊರೆಲ್ಲ ಬಂದು ಕೂತು ಹೋಗಿತ್ತು. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವರೊಬ್ಬರು ಬಂದಿರಲಿಲ್ಲ.

ಮಹಿಳಾ ಸಂಘದ ಸರದಿಯ ದಿನ ಅತ್ತೆ ಬಂದರು. ಇಳಕಲ್ಲೂ ಅಲ್ಲ, ಗದ್ವಾಲೂ ಅಲ್ಲ, ಮನೆಯಲ್ಲಿ ಉಡುವ ನಾರಾಯಣಪೇಟೆ ಹತ್ತಿ ಸೀರೆಯಲ್ಲೇ ಬಂದು, ಓಣಿಯ ಹೆಂಗಸರ ನಡುವೆ ಕೂತು ಮಾಲೆ ಹಾಕಿಸಿಕೊಂಡರು. ಮಾಮ ಎದುರಿನ ಕುರ್ಚಿಯಲ್ಲಿ ಅಧ್ಯಕ್ಷರ ಠೀವಿಯಿಂದ ಕೂತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿದರು. ಒಬ್ಬರು ಟ್ಯಾಂಕು ಕೇಳಿದರು, ಒಬ್ಬರು ಓಣಿಗೆ ನಳ ಕೇಳಿದರು, ಒಬ್ಬರು ಎರಡನ್ನೂ ಕೇಳಿದರು. ಅತ್ತೆಯ ಸರದಿ ಬಂದಾಗ ಬೇಡವೆಂದು ಕೈಯಾಡಿಸಿದರು. ನಿಯಮ ನಿಯಮವೇ ಅಂತ ಕಾಕಾ ಮೈಕು ತಂದು ಕೈಗೆ ಕೊಟ್ಟರು.

ಅತ್ತೆ ಮೈಕು ಹಿಡಿದು ಮಾಮನ ಕಡೆ ತಿರುಗಿದರು. ಆಮೇಲೆ ತಮ್ಮ ಸಣ್ಣ ದನಿಯಲ್ಲೇ, ಕೂಗದೆ, "ಏನ್ರಿ, ಕೇಳಾಕ ಹತ್ತೈತೇನ್ರಿ?" ಅಂದರು.

ಎರಡೂ ಸ್ಪೀಕರಿನಿಂದ ಆ ದನಿ ಬಂತು. ಮಾಮ ಬೆಚ್ಚಿ ತಲೆಯೆತ್ತಿದರು. ಕೇಳುತ್ತಿದೆ ಅಂದರು. ಅವರ ಮುಖ ನೋಡಬೇಕಿತ್ತು ನೀವು. ಹೆಂಡತಿ ಒದರದೆ ಆಡಿದ ಮಾತು ಅವರ ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ.

ಅತ್ತೆ ಸಮಿತಿಯ ಬಗ್ಗೆ, ಆಟದ ಬಗ್ಗೆ ಏನೂ ಮಾತಾಡಲಿಲ್ಲ. "ನೀವು ಲಡಾಯಿ ಮುಗಿಸಿ ಬಂದಾಗ ಮನಿ ತುಂಬ ಮಂದಿ ಇದ್ದರು, ಕೇಳಾಕ ಆಗಲಿಲ್ಲ," ಅಂದರು. "ಆಮ್ಯಾಲ ನಿಮ್ಮ ಕಿವಿ ಹೋತು. ಒದರಿ ಕೇಳೋ ಮಾತಲ್ಲರಿ ಅದು. ಆ ಚಳಿಗಾಲದಾಗ ನಿಮಗ ಹೆದರಿಕಿ ಆಗಿತ್ತೇನ್ರಿ?"

ಹೆಂಗಸರು ಬೀಸಣಿಗೆ ನಿಲ್ಲಿಸಿದರು. ಕಾಕಾ ನನ್ನ ಕಡೆ ನೋಡಿದರು. ಮಾಮ ಊರಿಗೆಲ್ಲ ಹೇಳಿದ್ದ ಕತೆಗಳು ಎಲ್ಲರಿಗೂ ಬಾಯಿಪಾಠ. ಅವುಗಳಲ್ಲಿ ಯಾವುದನ್ನು ಹೇಳುತ್ತಾರೋ ಅಂತ ಕಾದೆವು. ಅವರು ಯಾವುದನ್ನೂ ಹೇಳಲಿಲ್ಲ. ಕೂತಲ್ಲಿಂದಲೇ, ಮೈಕಿನ ಅಗತ್ಯವಿಲ್ಲದ ತಮ್ಮ ದನಿಯಲ್ಲಿ, ಆಗಿತ್ತು ಅಂದರು. ಭಾಳ ಆಗಿತ್ತು ಅಂದರು.

"ಕಬ್ಬಿನ ಹೊಲದಾಗ ಇಂಜಿನ್ ನಿಂತುಬಿಡ್ತು. ಮ್ಯಾಲಿನ ಮುಚ್ಚಳ ಹಾಕಿತ್ತು, ತೆಗಿಯಾಕ ಹುಕುಂ ಇದ್ದಿಲ್ಲ. ನನಗ ಕಾಣತಿದ್ದದ್ದು ಒಂದು ಗೇಣು ಗಾಜು, ಅದರಾಗ ಬರೇ ಕಬ್ಬಿನ ಎಲಿ. ಹೊರಗ ಏನು ನಡದೈತಿ ಗೊತ್ತಿಲ್ಲ. ಯಾರೂ ಮಾತಾಡವಲ್ರು. ನಾ ಕಣ್ಣು ಮುಚ್ಚಿ ನಿನ್ನ ಮಾರಿ ನೆನಸಾಕ ನೋಡಿದೆ. ನೆನಪಾಗಲಿಲ್ಲ. ಹಿರೇರ ಮುಂದ ಒಂದು ಸಲಾನೂ ನಿನ್ನ ನೆಟ್ಟಗ ನೋಡಿದ್ದಿಲ್ಲಲ್ಲ. ಸೆರಗು ನೆನಪಾತು, ಬಳಿ ನೆನಪಾತು, ಮಾರಿ ಬರಲಿಲ್ಲ. ಇನ್ನ ನೋಡದ ಹಂಗ ಹೋಗತೀನೇನೋ ಅಂತ ಹೆದರಿದೆ."

ಇಷ್ಟು ವರ್ಷ ಹೇಳಲು ಬರುತ್ತಿಲ್ಲ ಅನ್ನುತ್ತಿದ್ದದ್ದು ಇದೇ. ರಸ್ತೆಯಲ್ಲಿ ರಾಯಚೂರು ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಬೆಲ್ಲು ಹೊಡೆಯದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅತ್ತೆ ಅಳುತ್ತಾರೆ ಅಂತ ಅಂದುಕೊಂಡೆ. ಅವರು ಸೆರಗು ಬಾಯಿಗೆ ಹಿಡಿದಿದ್ದರು, ಆದರೆ ಭುಜ ಕುಲುಕುತ್ತಿದ್ದದ್ದು ನಗುವಿಗೆ. ನಗು ತಡೆದುಕೊಂಡು ಮತ್ತೆ ಮೈಕು ಬಾಯಿಯ ಹತ್ತಿರ ತಂದರು.

"ನನಗೂ ನಿಮ್ಮ ಮಾರಿ ನೆನಪಾಗತಿದ್ದಿಲ್ಲರಿ. ನಮ್ಮತ್ತಿ ಬೈತಾರಂತ ಯಾರ ಮುಂದೂ ಹೇಳಿದ್ದಿಲ್ಲ."

ಮೊದಲು ಹೆಂಗಸರು ನಕ್ಕರು, ಆಮೇಲೆ ಕಾಕಾ, ಆಮೇಲೆ ಬಸ್ಸಿನವರು. ಎಲ್ಲರಿಗಿಂತ ಕಡೆಗೆ ಮಾಮ ನಕ್ಕರು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಶರಬತ್ತಿನ ಹೊತ್ತು ಇನ್ನೂ ಆಗಿರಲಿಲ್ಲ. ಆದರೂ ಅತ್ತೆ ಎದ್ದು ಹೋಗಿ, ತಪ್ಪಲೆಯಿಂದ ಒಂದು ಲೋಟ ತುಂಬಿ, ಅಧ್ಯಕ್ಷರಿಗೆ ಕುಡಿಸಿದರು. ಕುಡಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಅಷ್ಟು ಜನರ ಮುಂದೆ. ಅಧ್ಯಕ್ಷರಿಗೇ ಕುಡಿಸಿದ ಮೇಲೆ ಇಡೀ ಉಪವಾಸ ಮುಗಿದ ಹಾಗೆಯೇ, ಅದು ನಮ್ಮ ಕಡೆಯ ನಿಯಮ. ಬೇಡಿಕೆ ಈಡೇರದೆ ಎಬ್ಬಿಸುವಂತಿಲ್ಲ ಅಂತ ಕಾಕಾ ಸ್ವಲ್ಪ ಗೊಣಗಿದರು. ಮಾಮ ಅವರ ಮಾತು ಕೇಳಿಸದವರಂತೆ ಇದ್ದರು. ಆ ಒಂದು ಸಲ ಅವರಿಗೆ ನಿಜವಾಗಿ ಕೇಳಿಸಿತ್ತು ಅಂತ ನನ್ನ ಅನುಮಾನ.

ಆಟದವರು ನಮ್ಮ ಬರಹಕ್ಕೆ ಉತ್ತರ ಕೊಡಲಿಲ್ಲ. ಮರುದಿನ ನಾನು ವೇದಿಕೆ ತೆರೆದಾಗ ಮಾಮ ಹಿಂದೆ ನಿಂತಿರಲೂ ಇಲ್ಲ. ಆದರೆ ಅದು ಮರುದಿನದ ಮಾತು. ಅವತ್ತು ಸಂಜೆ ಟೆಂಟ್ ಹೌಸಿನವನು ಶಾಮಿಯಾನ ಬಿಚ್ಚಿದ, ಕುರ್ಚಿ ಒಂದರ ಮೇಲೊಂದು ಪೇರಿಸಿದ, ಸ್ಪೀಕರುಗಳನ್ನು ಟ್ರಾಲಿಗೆ ಏರಿಸಲು ಬಗ್ಗಿದ. ಅತ್ತೆ ಮೈಕನ್ನು ಇನ್ನೂ ಕೈಯಿಂದ ಬಿಟ್ಟಿರಲಿಲ್ಲ. ಅವನು ಕೈ ಚಾಚಿದರೂ ಕೊಡಲಿಲ್ಲ.

"ಇವನ್ನ ನಮ್ಮ ಮನಿಗೆ ಇಳಿಸಿ ಹೋಗಪ್ಪಾ, ಎರಡು ದಿನ ಇರಲಿ," ಅಂದರು. "ನನಗಿನ್ನಾ ಭಾಳ ಕೇಳೋದೈತಿ."